ಜಾನಣ್ಣನ ಸಿಹಿಯೂ ನಮ್ಮತ್ತೆಯ ಗಿಣ್ಣೂ

ಅಡುಗೆಮನೆಯಿಂದ ಹಾಲು ಮಂದವಾಗುತ್ತಿರುವ ವಾಸನೆ ಬರುತ್ತಿದೆ. ನಿಮಗೂ ಗೊತ್ತಿರುವ ವಾಸನೆಯೇ: ಇನ್ನೂ ತಳ ಹಿಡಿದಿಲ್ಲ, ಆದರೆ ಸೌಟು ಆಡಿಸುವವರು ಒಂದು ಗಳಿಗೆ ಮೈಮರೆತರೂ ಹಿಡಿದುಬಿಡುತ್ತದೆ ಎನ್ನುವಂಥದ್ದು. ನನ್ನ ಸೊಸೆ ಮೈಮರೆಯುವವಳಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳಿಗೆ ಅಡುಗೆಯ ಮೇಲೆ ಪ್ರೀತಿ ಉಕ್ಕುವುದು ಭಾನುವಾರ ಮಾತ್ರ. ಉಕ್ಕಿದ ದಿನ ಅದು ಸಾರು, ಪಲ್ಯದ ಮಟ್ಟದಲ್ಲಿ ನಿಲ್ಲುವುದೂ ಇಲ್ಲ. ಇವತ್ತು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟುಕೊಂಡು, ಅದರೊಳಗೆ ಯಾರೋ ಹೇಳಿಕೊಡುತ್ತಿರುವುದನ್ನು ನೋಡಿಕೊಂಡು ಮಾಡುತ್ತಿದ್ದಾಳೆ.

"ಇಟಲಿಯವರದಂತೆ ಅತ್ತೆ. ಕೇಕನ್ನ ಕೆಂಪು ರಸದಲ್ಲಿ ನೆನೆಸಿ ಕೆಳಗೆ ಹಾಕೋದು, ಅದರ ಮೇಲೆ ಹಳದಿ ಕಸ್ಟರ್ಡು, ಮತ್ತೆ ಕೇಕು, ಅದರ ಮೇಲೆ ಚಾಕೊಲೇಟ್ ಕಸ್ಟರ್ಡು. ನೀವು ಇಂಥದ್ದು ತಿಂದೇ ಇರಲ್ಲ ಬಿಡಿ" ಎಂದಳು.

"ತಿಂದಿದೀನಿ. ಸಾಸಲು ಹತ್ರ, ನಮ್ಮ ಹಳ್ಳೀಲಿ. ನಿನ್ನ ಗಂಡ ಇನ್ನೂ ಹುಟ್ಟಿರಲಿಲ್ಲ" ಎಂದೆ.

ಅವಳು ನಕ್ಕು ಸೌಟು ತಿರುಗಿಸಿದಳು. ವಯಸ್ಸಾದವರ ಮಾತಿಗೆ ಹೀಗೆ ನಕ್ಕು ಸುಮ್ಮನಾಗುವುದು ಈಗಿನವರ ಮರ್ಯಾದೆಯ ಒಂದು ರೀತಿ. ನೀವಾದರೂ ನಂಬಿ. ಅವಳು ಮುಗಿಸುವಷ್ಟರಲ್ಲಿ ಹೇಳಿಬಿಡುತ್ತೇನೆ.

ನಾನು ಅರಿಶಿನಕುಂಟೆಯ ಹುಡುಗಿ. ಮದುವೆಯಾಗಿ ದೊಡ್ಡಬಳ್ಳಾಪುರ ತಾಲ್ಲೂಕಿನ ಆ ಹಳ್ಳಿಗೆ ಹೋದದ್ದು ಅರುವತ್ತರ ದಶಕ ಮುಗಿಯುತ್ತಿದ್ದಾಗ. ಹಿತ್ತಿಲಿಗೆ ಬಂದು ನಿಂತರೆ ಮಾಕಳಿದುರ್ಗದ ಬೆಟ್ಟ ಕಾಣುತ್ತಿತ್ತು. ಗಾಳಿ ಇತ್ತ ಬೀಸಿದರೆ ರೈಲಿನ ಕೂಗೂ ಕೇಳುತ್ತಿತ್ತು. ಮನೆಯಲ್ಲಿ ಅತ್ತೆ, ಮಾವ, ಒಬ್ಬಳು ನಾದಿನಿ, ಮತ್ತು ದೊಡ್ಡಬಳ್ಳಾಪುರಕ್ಕೆ ದಿನಾ ಕೆಲಸಕ್ಕೆ ಹೋಗಿಬರುತ್ತಿದ್ದ ನಮ್ಮ ಯಜಮಾನರು. ರಾಗಿಯ ಹೊಲ, ಒಂದಿಷ್ಟು ತೋಟ, ಕೊಟ್ಟಿಗೆಯಲ್ಲಿ ದನ. ನಾನು ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದಿದವಳು, ಶಾಲೆಯಲ್ಲಿ ಗೃಹವಿಜ್ಞಾನವೆಂಬ ಪಾಠದಲ್ಲಿ ಕೇಕು, ಕಸ್ಟರ್ಡುಗಳ ಮುಖ ನೋಡಿದವಳು. ಆ ಜಂಬ ನನಗೆ ಬೇಕಾದಷ್ಟಿತ್ತು. ಮುದ್ದೆ ಕಟ್ಟಲು ಮಾತ್ರ ಬರುತ್ತಿರಲಿಲ್ಲ.

ನಮ್ಮ ಮಾವ ಮೆತ್ತಗಿನ ಮನುಷ್ಯ. ಯಾರಿಗೂ ಜೋರು ಮಾಡಿದವರಲ್ಲ, ಸುಳ್ಳು ಹೇಳಲು ಬಾರದವರು. ಎರಡನೆಯದು ಒಳ್ಳೆಯ ಗುಣವೆಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅಂಥವರ ಹೆಂಡತಿಯನ್ನು ಕೇಳಿದರೆ ಬೇರೆ ಮಾತು ಬರಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ, ಅಂದರೆ ಅವರ ಎಳೆ ಪ್ರಾಯದಲ್ಲಿ, ಅವರು ಯಲಹಂಕದ ಒಬ್ಬ ಕಂಟ್ರಾಕ್ಟರರ ಬಳಿ ಕೆಲಸಕ್ಕಿದ್ದರಂತೆ. ಬೆಂಗಳೂರಿನ ಹೊರಗೆ ಇಟಲಿಯ ಸಿಪಾಯಿಗಳನ್ನು ಸೆರೆ ಇಟ್ಟಿದ್ದ ಶಿಬಿರಕ್ಕೆ ತರಕಾರಿ, ಹಾಲು, ಮೊಟ್ಟೆಯ ಗಾಡಿ ಹೊಡೆದುಕೊಂಡು ಹೋಗುವುದು ಅವರ ಕೆಲಸ. ಅಲ್ಲಿನ ಅಡುಗೆಮನೆಯಲ್ಲಿದ್ದ ಕೈದಿಯೊಬ್ಬ ಇವರಿಗೆ ಗೆಳೆಯನಾದ. ಅವನ ಹೆಸರು ಜಾನ್ನಿಯೋ ಏನೋ. ಮಾವನ ಬಾಯಲ್ಲಿ ಅವನು ಜಾನಣ್ಣ. ಇವರಿಗೆ ಅವನ ಭಾಷೆ ಬಾರದು, ಅವನಿಗೆ ಇವರದು ಬಾರದು.

"ಬ್ರಿಟಿಷರ ಥರ ಬಿಗುಮಾನ ಇಲ್ಲ ಕಣಮ್ಮ ಆ ಜನಕ್ಕೆ. ನಮ್ಮಂಗೇ ಕೈ ಆಡಿಸ್ಕೊಂಡು ಮಾತಾಡೋರು. ಅರ್ಧ ಕೈಯಲ್ಲೇ ಗೊತ್ತಾಗ್ಬಿಡೋದು" ಎನ್ನುತ್ತಿದ್ದರು ಮಾವ.

ಆ ಜನರ ಯಾವುದೋ ಹಬ್ಬದ ದಿನ ಜಾನಣ್ಣ ಇವರನ್ನು ಒಳಗೆ ಕರೆದು, ಪಿಂಗಾಣಿ ತಟ್ಟೆಯಲ್ಲಿ ಒಂದು ಸಿಹಿಯನ್ನು ಇಟ್ಟುಕೊಟ್ಟನಂತೆ. ತಳದಲ್ಲಿ ಮೆತ್ತಗೆ ಕೆಂಪು, ಮೇಲೆ ಹಳದಿ, ಮತ್ತೆ ಕೆಂಪು, ಮತ್ತೆ ಕಂದು. ಕೆಂಪಿಗೆ ಒಂಥರಾ ಔಷಧಿಯ ಘಾಟು. ಅದು ಔಷಧಿಯೇ ಎಂದು ಮಾವ, ಸಾರಾಯಿ ಎಂದು ಅತ್ತೆ. ಈ ಒಂದು ವಿಷಯದಲ್ಲಿ ಅವರಿಬ್ಬರಿಗೂ ಕೊನೆಯವರೆಗೂ ರಾಜಿಯಾಗಲಿಲ್ಲ.

ಅಷ್ಟೇ ಕಥೆ. ಒಂದು ತಟ್ಟೆ, ಒಂದು ಸಲ. ಆದರೆ ಅದು ಮಾವನ ನಾಲಿಗೆಯ ಮೇಲೆ ಮನೆ ಮಾಡಿಕೊಂಡು ಕೂತುಬಿಟ್ಟಿತು. ಅಲ್ಲಿಂದಾಚೆ ಅತ್ತೆ ಏನೇ ಸಿಹಿ ಮಾಡಲಿ, ಮಾವ ತಿಂದು, ಬೆರಳು ನೆಕ್ಕಿ, "ಚೆನ್ನಾಗೈತೆ" ಎನ್ನುವರು. ಆಮೇಲೆ ಸ್ವಲ್ಪ ತಡೆದು, "ಆದ್ರೆ ಜಾನಣ್ಣ ಮಾಡಿದ್ದು ಇತ್ತಲ್ಲ" ಎನ್ನುವರು. ಕಜ್ಜಾಯಕ್ಕೂ ಅದೇ, ಕಡುಬಿಗೂ ಅದೇ, ಶ್ಯಾವಿಗೆ ಪಾಯಸಕ್ಕೂ ಅದೇ. ನಾನು ಹೋಗುವ ಹೊತ್ತಿಗೆ ಈ ಮಾತು ಇಪ್ಪತ್ತೈದು ವರ್ಷ ಹಳೆಯದಾಗಿತ್ತು. ಅತ್ತೆ ಅದನ್ನು ಕೇಳಿಸಿಕೊಳ್ಳದವರಂತೆ ಎಲೆ ಎತ್ತುತ್ತಿದ್ದರು.

ನಾದಿನಿಯ ನಿಶ್ಚಿತಾರ್ಥದ ದಿನ ಮಾತ್ರ ಅದು ಮೀರಿತು. ಬೀಗರಾಗುವವರು ಪಂಕ್ತಿಯಲ್ಲಿ ಕೂತಿದ್ದಾರೆ. ಅತ್ತೆ ಬೆಳಗಿನಿಂದ ಒಲೆಯ ಮುಂದೆ ಬೆಂದು, ಕಾಗದದಂಥ ಒಬ್ಬಟ್ಟು ತಟ್ಟಿದ್ದಾರೆ. ಗಂಡಿನ ತಾಯಿ, "ಇಂಥ ಒಬ್ಬಟ್ಟು ನಾವು ಎಲ್ಲೂ ತಿಂದಿಲ್ಲ ಬಿಡ್ರವ್ವ" ಎಂದರು. ಅತ್ತೆಯ ಮುಖ ಅರಳಿತು. ಆಗ ಪಂಕ್ತಿಯ ತುದಿಯಿಂದ ಮಾವ, "ಒಬ್ಬಟ್ಟು ಚೆನ್ನಾಗೈತೆ, ಆದ್ರೆ..." ಎಂದು ಶುರು ಮಾಡಿದರು. ಗಾಡಿಯಿಂದ ಹಿಡಿದು ಪಿಂಗಾಣಿ ತಟ್ಟೆಯವರೆಗೆ ಎಲ್ಲವನ್ನೂ ಹೇಳಿದರು. ಬೀಗರು ಒಬ್ಬಟ್ಟು ಮರೆತು ಇಟಲಿಯ ಬಗ್ಗೆ ಪ್ರಶ್ನೆ ಕೇಳತೊಡಗಿದರು. ಅತ್ತೆ ತುಪ್ಪದ ಮಿಳ್ಳೆ ಹಿಡಿದು ನಿಂತಿದ್ದರು. ಯಾರೂ ಎಲೆಯತ್ತ ನೋಡುತ್ತಿರಲಿಲ್ಲ.

ಅವತ್ತು ಸಂಜೆ ಪಾತ್ರೆ ಬೋರಲು ಹಾಕುತ್ತಾ ಅತ್ತೆ, "ಇನ್ಮೇಲೆ ಈ ಮನೇಲಿ ನಾನು ಸಿಹಿ ಮಾಡಲ್ಲ" ಎಂದರು. ಕೂಗಾಡಲಿಲ್ಲ, ಅಳಲಿಲ್ಲ. ಕೋಪದ ಮಾತು, ವಾರದಲ್ಲಿ ಇಳಿಯುತ್ತದೆ ಎಂದು ನಾನು ಅಂದುಕೊಂಡೆ. ಯುಗಾದಿಗೆ ಬೇವು ಬಂತು, ಬೆಲ್ಲ ಬಂತು, ಒಬ್ಬಟ್ಟು ಬರಲಿಲ್ಲ. ಮಗಳ ಮದುವೆಗೆ ಅಡುಗೆಯವರನ್ನು ಕರೆಸಿದರು. ಗೌರಿ ಹಬ್ಬಕ್ಕೆ ಅನ್ನ, ಸಾರು, ಹಪ್ಪಳ. ಮಾವ ಒಂದು ದಿನ ತಡೆಯಲಾರದೆ, "ಒಂಚೂರು ಪಾಯಸನಾದ್ರೂ ಮಾಡೆ" ಎಂದರು.

"ಜಾನಣ್ಣನ್ನ ಕರೆಸ್ಕೊಳ್ಳಿ" ಎಂದರು ಅತ್ತೆ.

ಹೀಗೇ ನಡೆದು, ಸುಗ್ಗಿಯ ಹೊತ್ತಿಗೆ ಒಂದು ಮಧ್ಯಾಹ್ನ, ಮೊರದಲ್ಲಿ ರಾಗಿ ಕೇರುತ್ತಿದ್ದ ಅತ್ತೆ ಕೈ ನಿಲ್ಲಿಸಿ ನನ್ನನ್ನು ಕೇಳಿದರು: "ನೀನು ಬೆಂಗಳೂರ್ನಾಗೆ ಅಡುಗೆ ಪಾಠ ಓದಿದೀಯಲ್ಲಮ್ಮ, ಆ ಹಳದೀದು ಏನದು?"

ನನ್ನ ಜಂಬಕ್ಕೆ ಇದಕ್ಕಿಂತ ಇನ್ನೇನು ಬೇಕು? "ಅದು ಕಸ್ಟರ್ಡ್ ಅತ್ತೆ. ಹಾಲಿಗೆ ಮೊಟ್ಟೆ ಹಾಕಿ ಕಾಯಿಸೋದು" ಎಂದೆ.

ಅತ್ತೆ ಮೊರವನ್ನೇ ಕೆಳಗಿಟ್ಟರು. ನಮ್ಮ ಮನೆಯಲ್ಲಿ ಕೋಳಿ, ಮೊಟ್ಟೆ ಎಲ್ಲವೂ ನಡೆಯುತ್ತಿತ್ತು. ಆದರೆ ಅವಕ್ಕೆ ಹಿತ್ತಿಲಲ್ಲಿ ಬೇರೆ ಒಲೆ, ಬೇರೆ ಮಡಕೆ. ಹಾಲಿಗೆ ಒಳಗಿನ ಒಲೆ. ಹಾಲಿನ ಪಾತ್ರೆಗೆ ಮೊಟ್ಟೆ ಸೋಕಿದರೆ ಹಸುವಿನ ಕೆಚ್ಚಲು ಕಟ್ಟುತ್ತದೆ ಎಂಬ ನಂಬಿಕೆ. ಅದನ್ನು ಅತ್ತೆಗೆ ಅವರತ್ತೆ ಹೇಳಿದ್ದು. ಅಂದರೆ ಹಾಲೂ ಮೊಟ್ಟೆಯೂ ಒಟ್ಟಿಗೆ ಬೇಯುವ ಒಲೆಯೇ ನಮ್ಮ ಮನೆಯಲ್ಲಿ ಇರಲಿಲ್ಲ.

"ಆ ಜಾನಣ್ಣನ ಮನೇಲಿ ಹಸು ಇರಲಿಲ್ಲ ಅನ್ಸುತ್ತೆ" ಎಂದರು ಅತ್ತೆ.

ನಾನು ಸೋಲೊಪ್ಪಲಿಲ್ಲ. ಯಜಮಾನರಿಗೆ ಹೇಳಿ ದೊಡ್ಡಬಳ್ಳಾಪುರದಿಂದ ಕಸ್ಟರ್ಡ್ ಪುಡಿಯ ಪೊಟ್ಟಣ ತರಿಸಿದೆ. ಮೊಟ್ಟೆಯ ಹಂಗಿಲ್ಲದ ಪುಡಿ. ಪಾಠದಲ್ಲಿ ಹೇಳಿದಂತೆಯೇ ಕಲಸಿ, ಕಾಯಿಸಿ, ಆರಿಸಿ ಮಾವನಿಗೆ ಕೊಟ್ಟೆ. ಮಾವ ಒಂದು ಚಮಚ ಬಾಯಿಗಿಟ್ಟು, ನನ್ನ ಮನಸ್ಸು ನೋಯಬಾರದೆಂದು ಬಹಳ ಹೊತ್ತು ಯೋಚಿಸಿ, "ಗಂಜಿ ಚೆನ್ನಾಗೈತಮ್ಮ. ಯಾರಿಗೆ ಜ್ವರ?" ಎಂದರು. ಸುಳ್ಳು ಹೇಳಲು ಬಾರದವರೆಂದು ಆಗಲೇ ಹೇಳಿದೆನಲ್ಲ.

ಅತ್ತೆ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟು ನಕ್ಕದ್ದು ನನಗೆ ಕಾಣಿಸಿತು. ಆ ನಗುವಿನಿಂದಲೇ ಅವರಿಗೆ ಧೈರ್ಯ ಬಂದಿರಬೇಕು. ಮಾವನ ಪಕ್ಕ ಹೋಗಿ ಕೂತು, ಮೊಟ್ಟಮೊದಲ ಸಲ ಅವರೇ ವಿಚಾರಿಸಿದರು. ಅಲ್ಲಾಡುತ್ತಿತ್ತೇ? ಅಲ್ಲಾಡುತ್ತಿತ್ತು. ಚಾಕು ಹಾಕಿದರೆ ನಿಲ್ಲುತ್ತಿತ್ತೇ? ನಿಲ್ಲುತ್ತಿತ್ತು. ಬಾಯಲ್ಲಿಟ್ಟರೆ? ಅಗಿಯುವ ಕೆಲಸವಿಲ್ಲ, ಹಂಗೇ ಇಳಿಯುತ್ತಿತ್ತು. ಅತ್ತೆ ಎದ್ದು ಕೊಟ್ಟಿಗೆಗೆ ಹೋದರು. ಗಬ್ಬದ ಹಸು ಗೌರಿಯ ಬೆನ್ನು ಸವರುತ್ತಾ ನಿಂತವರು, ನನ್ನನ್ನು ಕಂಡು, "ಅದು ಗಿಣ್ಣು ಕಣಮ್ಮ. ಬೇರೆ ಇನ್ನೇನೂ ಅಲ್ಲ" ಎಂದರು.

ನೀವು ಗಿಣ್ಣು ತಿಂದಿದ್ದರೆ ಸರಿ, ಇಲ್ಲದಿದ್ದರೆ ಒಂದು ಮಾತು. ಕರು ಹಾಕಿದ ಹಸುವಿನ ಮೊದಲ ಹಾಲು ಮಂದವಾಗಿ ಹಳದಿಯಾಗಿರುತ್ತದೆ. ಕರು ಕುಡಿದು ಮಿಕ್ಕದ್ದನ್ನು ಸಿಹಿ ಹಾಕಿ ಹಬೆಯಲ್ಲಿ ಬೇಯಿಸಿದರೆ ತಾನಾಗಿಯೇ ಗಟ್ಟಿಯಾಗಿ ಕೂರುತ್ತದೆ. ಮೊಟ್ಟೆಯೂ ಬೇಡ, ಪುಡಿಯೂ ಬೇಡ. ಇಟಲಿಯ ಜಾನಣ್ಣ ಗಿಣ್ಣು ಮಾಡಿರಲು ಸಾಧ್ಯವೇ ಇರಲಿಲ್ಲ. ನಾನು ಬಾಯಿ ತೆರೆದವಳು ಅತ್ತೆಯ ಮುಖ ನೋಡಿ ಮುಚ್ಚಿಕೊಂಡೆ. ಇಷ್ಟು ವರ್ಷ ಮುಖವೇ ಇಲ್ಲದ ಒಬ್ಬ ಎದುರಾಳಿ ಕೊನೆಗೆ ತನ್ನ ಕೊಟ್ಟಿಗೆಯಲ್ಲೇ ಸಿಕ್ಕಿಬಿದ್ದ ಎಂಬಂತೆ ಇತ್ತು ಆ ಮುಖ.

"ಒಂದೇ ಒಂದ್ಸಲ ಅದು ನನ್ನ ಕೈಲಿ ಆಗ್ಲಿ. ತಿಂದು, ಅದು ಮೇಲೋ ಇದು ಮೇಲೋ ಅಂತ ಹೇಳ್ಬಿಡ್ಲಿ. ಆಮೇಲೆ ನಾನು ಏನು ಬೇಕಾದ್ರೂ ಮಾಡ್ಕೊಡ್ತೀನಿ" ಎಂದರು.

ಗೌರಿ ಕರು ಹಾಕಿದ್ದು ಶಿವರಾತ್ರಿ ಕಳೆದ ಮೇಲೆ, ತೋಟಗಳಲ್ಲಿ ನೀಲಿ ದ್ರಾಕ್ಷಿ ಹಣ್ಣಾಗಿದ್ದ ಕಾಲದಲ್ಲಿ. ಕೆಂಪಿನ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ದ್ರಾಕ್ಷಿಯನ್ನು ಕಿವುಚಿ, ಸಕ್ಕರೆ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿದೆವು. ಔಷಧಿಯ ಘಾಟಿಗೆ ಅತ್ತೆ ಎರಡು ಲವಂಗ ಹಾಕಿ, "ಸಾರಾಯಿ ಬೇಕಾದ್ರೆ ಅವರೇ ಹುಡುಕ್ಕೊಳ್ಲಿ" ಎಂದರು. ಯಜಮಾನರು ಬೇಕರಿಯಿಂದ ಸ್ಪಂಜ್ ಕೇಕು ತಂದರು. ಅದರಲ್ಲಿ ಮೊಟ್ಟೆಯಿದೆ ಎಂದು ನಾನು ಎಚ್ಚರಿಸಿದೆ. ಅದು ಬೇಕರಿಯ ಒಲೆಯಲ್ಲೇ ಬೆಂದು ಬಂದಿರುವ ಮೊಟ್ಟೆ, ಹಾಗಾಗಿ ಗೌರಿಗೆ ಗೊತ್ತಾಗುವುದಿಲ್ಲ ಎಂಬ ತೀರ್ಮಾನ ಬಂತು.

ಒಂದು ಪೇಚು ಉಳಿಯಿತು. ಕರು ಹಾಕಿದ ಮನೆಯಿಂದ ಅಕ್ಕಪಕ್ಕದ ಮನೆಗಳಿಗೆ ಗಿಣ್ಣು ಹೋಗಲೇಬೇಕು. ಅದು ಊರಿನ ಪದ್ಧತಿ. ಅತ್ತೆ ಆ ಸಲ ಮೊದಲ ದಿನದ ಹಾಲನ್ನೆಲ್ಲ ಇಟ್ಟುಕೊಂಡುಬಿಟ್ಟರು. ಎದುರುಮನೆಯಾಕೆ ಎರಡು ಸಲ ಸುಮ್ಮಸುಮ್ಮನೆ ಬಂದು, ಕರು ನೋಡಿ, ಅಡುಗೆಮನೆಯತ್ತ ಮೂಗು ಚಾಚಿ ಹೋದಳು. ಇನ್ನೊಬ್ಬರ ಮನೆಯ ಪಾಲು ತಪ್ಪಿಸಿದವರಲ್ಲ ಅತ್ತೆ. ಅವತ್ತು ಅವಳ ಕಣ್ಣಿಗೆ ಕಣ್ಣು ಕೊಡದೆ ಕೆಲಸ ಮಾಡಿದರು. ಅದರಿಂದಲೇ ನನಗೆ ಅವರ ಹಟ ಎಷ್ಟು ಆಳದ್ದೆಂದು ಗೊತ್ತಾದದ್ದು.

ಹಾಲನ್ನು ಎರಡು ಪಾಲು ಮಾಡಿದೆವು. ಒಂದಕ್ಕೆ ಸಕ್ಕರೆ, ಅದು ಹಳದಿ. ಇನ್ನೊಂದಕ್ಕೆ ಕಪ್ಪು ಬೆಲ್ಲ, ಅದು ಕಂದು. ಎರಡಕ್ಕೂ ಏಲಕ್ಕಿ. ಅಗಲವಾದ ಸ್ಟೀಲ್ ಡಬ್ಬಿಯ ತಳದಲ್ಲಿ ರಸದಲ್ಲಿ ನೆನೆದ ಕೇಕಿಟ್ಟು, ಮೇಲೆ ಹಾಲು ಹೊಯ್ದು ಹಬೆಗಿಟ್ಟೆವು. ಮುಚ್ಚಳ ತೆಗೆದಾಗ ಕೇಕೆಲ್ಲ ಮೇಲೆದ್ದು ಕೆರೆಯಲ್ಲಿ ತೆಪ್ಪ ತೇಲಿದಂತೆ ತೇಲುತ್ತಿತ್ತು. ಸುತ್ತಲೂ ಹಾಲು ಮಾಸಲು ಊದಾ ಬಣ್ಣಕ್ಕೆ ತಿರುಗಿ, ದ್ರಾಕ್ಷಿಯ ಹುಳಿಗೆ ಅಲ್ಲಲ್ಲಿ ಒಡೆದಿತ್ತು. ನಾನು ಅಳುವುದೊಂದು ಬಾಕಿ. ಅತ್ತೆ ಅದನ್ನು ಬದಿಗಿಟ್ಟು, ಉಳಿದ ಹಾಲನ್ನು ಬರಿದೇ, ಬೇರೆ ಬೇರೆ ತಟ್ಟೆಗಳಲ್ಲಿ ಬೇಯಿಸಿದರು. ಆರಿದ ಮೇಲೆ, ನೇಯ್ಗೆಯವರ ಮನೆಯಿಂದ ಬಂದಿದ್ದ ರೇಷ್ಮೆ ಎಳೆಯೊಂದನ್ನು ಎರಡು ಕೈಗೂ ಸುತ್ತಿಕೊಂಡು, ಗಿಣ್ಣಿನ ಹೊಟ್ಟೆಯೊಳಗೆ ಅಡ್ಡಲಾಗಿ ಎಳೆದರು. ದೋಸೆಯಷ್ಟು ತೆಳ್ಳಗೆ ಹಾಳೆ ಬಂತು. ರಸದಲ್ಲಿ ನೆನೆಸಿದ ಉಳಿದ ಕೇಕು, ಹಳದಿ, ಮತ್ತೆ ಕೇಕು, ಕಂದು; ಒಂದರ ಮೇಲೊಂದು ಮಲಗಿಸಿ, ಡಬ್ಬಿಯನ್ನು ನೀರಿನ ಮಡಕೆಗಳ ಕೆಳಗಿನ ಒದ್ದೆ ಮರಳಿನಲ್ಲಿ ಹೂತು, ಮಾರನೆಯ ಮಧ್ಯಾಹ್ನದವರೆಗೂ ಯಾರೂ ಮುಟ್ಟಬಾರದೆಂದರು. ಬೆಕ್ಕಿಗೂ ಹೇಳಿದರು.

ಮಾರನೆಯ ದಿನ ಊಟವಾದ ಮೇಲೆ ಮಾವ ಪಡಸಾಲೆಯಲ್ಲಿ ಕೂತಿದ್ದರು. ಅತ್ತೆ ತಾವೇ ಕತ್ತರಿಸಿ, ಹಿತ್ತಾಳೆ ತಟ್ಟೆಯಲ್ಲಿಟ್ಟು ಅವರ ಮುಂದೆ ಇಟ್ಟರು. ಅಡ್ಡಲಾಗಿ ಬಣ್ಣಗಳು ಅಚ್ಚುಕಟ್ಟಾಗಿ ಕಾಣುತ್ತಿದ್ದವು. ಮಾವ ಮೊದಲು ತಟ್ಟೆಯನ್ನು ನೋಡಿದರು, ಆಮೇಲೆ ಹೆಂಡತಿಯನ್ನು ನೋಡಿದರು. "ಲೇ, ಎಲ್ಲಿ ಕಲ್ತೆ?" ಎಂದರು.

"ಮೊದಲು ತಿನ್ನಿ. ಚೆನ್ನಾಗೈತೆ ಅಂತ ಹೇಳಿ ಮುಗಿಸ್ಬೇಡಿ. ಅದು ಮೇಲೋ ಇದು ಮೇಲೋ, ಅಷ್ಟು ಹೇಳಿ. ಅದೇ ಮೇಲು ಅಂದ್ರೂ ನಾನೇನೂ ಅಂದ್ಕೊಳ್ಳಲ್ಲ" ಎಂದು ಅತ್ತೆ ಕಂಬಕ್ಕೊರಗಿ ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು.

ಮಾವ ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಕಣ್ಣು ಮುಚ್ಚಿದರು. ಹಾಗೇ ತಟ್ಟೆ ಖಾಲಿ ಮಾಡಿದರು. ಕಣ್ಣು ಬಿಟ್ಟ ಮಾವ, "ಅದರ ರುಚಿ ಸಿಗ್ತಾ ಇಲ್ಲ ಕಣೆ" ಎಂದರು.

"ಇದರಾಗೆ ಸಿಗ್ತಾ ಇಲ್ವಾ?"

"ಇದರಾಗಲ್ಲ, ನನ್ನೊಳಗೇ ಸಿಗ್ತಾ ಇಲ್ಲ. ಬೆಳಗ್ಗೆವರೆಗೂ ಇತ್ತು. ಈಗ ಎಷ್ಟು ಹುಡುಕಿದ್ರೂ ನೀನು ಮಾಡಿದ್ದೇ ಬರ್ತೈತೆ. ಮೇಲು ಯಾವ್ದು ಅಂತ ಹೆಂಗೆ ಹೇಳ್ಲಿ?"

ಅತ್ತೆ ಗೆದ್ದರು ಎಂದು ನಾನು ಹಿಗ್ಗಿದೆ. ಇಷ್ಟು ವರ್ಷದ ಜಾನಣ್ಣನನ್ನು ಒಂದೇ ತಟ್ಟೆಯಲ್ಲಿ ಅಳಿಸಿಹಾಕಿದ್ದರು. ಆದರೆ ಮಾವನ ಮುಖ ನೋಡಿದೆ. ಬಸ್ಸಿಳಿದ ಮೇಲೆ, ಬಸ್ಸು ಹೋದ ಮೇಲೆ, ಗಂಟು ಸೀಟಿನ ಕೆಳಗೇ ಉಳಿಯಿತೆಂದು ಗೊತ್ತಾದವರ ಮುಖ ಹಾಗಿರುತ್ತದೆ. ಅತ್ತೆಯೂ ನೋಡಿದರು. ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಡಬ್ಬಿಯಲ್ಲಿ ಉಳಿದದ್ದನ್ನು ತುಂಡು ಮಾಡಿ, ಎದುರುಮನೆಗೆ, ಪಕ್ಕದ ಮನೆಗೆ ಕೊಟ್ಟುಬರಲು ನನ್ನನ್ನು ಕಳಿಸಿದರು.

ಕೊಟ್ಟ ಮಾತಿನಂತೆ ಮಾರನೆಯ ದಿನವೇ ಪಾಯಸ ಮಾಡಿದರು. ಮಾವ ತಿಂದು "ಚೆನ್ನಾಗೈತೆ" ಎಂದರು. ಅತ್ತೆ ಸೌಟು ಹಿಡಿದುಕೊಂಡೇ ಕಾದರು. ಮಾವ ಕೈ ತೊಳೆಯಲು ಎದ್ದುಹೋದರು. ಅದೇ ತಿಂಗಳು ಯುಗಾದಿಯ ಒಬ್ಬಟ್ಟಿಗೂ ಹಾಗೇ, ಮುಂದೆ ಶ್ರಾವಣದ ಕಡುಬಿಗೂ ಹಾಗೇ. "ಆದ್ರೆ" ಎಂಬ ಮಾತು ಆ ಮನೆಯಲ್ಲಿ ನಿಂತುಹೋಗಿತ್ತು. ಕಂಟ್ರಾಕ್ಟರರ ಗಾಡಿ, ಕೈ ಆಡಿಸಿ ಮಾತಾಡುವ ಜನ, ಯಾವುದೂ ಇಲ್ಲ. ಮಾವ ತಲೆ ತಗ್ಗಿಸಿ ತಿಂದು ಏಳುತ್ತಿದ್ದರು. ಸುಳ್ಳು ಹೇಳಲು ಬಾರದವರು, ಇಲ್ಲದ ರುಚಿಯನ್ನು ಇದೆಯೆಂದು ಹೇಗೆ ಹೇಳಿಯಾರು? ಅತ್ತೆ ಬಯಸಿದ್ದೇ ಆಗಿತ್ತು. ಆದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ಗೌರಿ ಹಬ್ಬದ ದಿನ ಮಾವನಿಗೆ ಎರಡನೇ ಒಬ್ಬಟ್ಟು ಹಾಕುತ್ತಾ ಅತ್ತೆ, ತೀರಾ ಮಾಮೂಲಿ ದನಿಯಲ್ಲಿ ಕೇಳಿದರು: "ಅಲ್ಲಾ, ಆ ಜಾನಣ್ಣ ಅವತ್ತು ಏನೋ ಮಾಡ್ಕೊಟ್ಟಿದ್ದ ಅಂತಿದ್ರಲ್ಲ. ಹೆಂಗಿತ್ತು ಅದು? ನಾನು ಸರಿಯಾಗಿ ಕೇಳಿಸ್ಕೊಂಡೇ ಇಲ್ಲ."

ಮಾವ ತಲೆಯೆತ್ತಿದರು. ಮೊದಲು ಮಾತು ತಡವರಿಸಿತು. "ಹಬ್ಬದ ದಿನ, ನಾನು ಗಾಡಿ ಬಿಚ್ಚಿದ್ದೆ, ಅವನು ಒಳಗಿಂದ ಕೈಮಾಡಿ ಕರೆದ" ಎಂದರು. ಆಮೇಲೆ ಮಾತಿಗೆ ಮಾತು ಕೂಡಿಕೊಂಡು ಬಂತು. "ಕೇಕನ್ನ ದ್ರಾಕ್ಷಿ ರಸದಾಗೆ ಅದ್ದಿದ್ದ ಕಣೆ, ನಾಲಿಗೆಗೆ ಲವಂಗ ಸಿಗೋದು. ಅದರ ಮೇಲೆ ಹಳದೀದು, ರೇಷ್ಮೆ ಥರ. ಏಲಕ್ಕಿ ಘಮ್ಮಂತಿತ್ತು..."

ನಾನು ನಗು ತಡೆಯಲಾರದೆ ಬಾಯಿ ತೆರೆದೆ. ಅತ್ತೆ ಎಲೆಯ ಮೇಲಿಂದ ಕಣ್ಣೆತ್ತಿ ನನ್ನನ್ನು ಒಂದು ಸಲ ನೋಡಿದರು, ಅಷ್ಟೇ.

"ಹೂಂ, ಏಲಕ್ಕಿ ಇತ್ತು. ಆಮೇಲೆ?" ಎಂದರು ಅತ್ತೆ.

ಅಲ್ಲಿಂದ ಮುಂದೆ ಪ್ರತಿ ಹಬ್ಬಕ್ಕೂ ಅತ್ತೆಯೇ ಕೇಳುತ್ತಿದ್ದರು, ಮಾವ ಹೇಳುತ್ತಿದ್ದರು. ತಾನು ಮಾಡಿದ್ದನ್ನೆಲ್ಲ ಆ ಇಟಲಿಯವನ ಹೆಸರಿಗೆ ಬರೆದುಕೊಟ್ಟು, ಅದರ ಮುಂದೆ ತನ್ನ ಒಬ್ಬಟ್ಟನ್ನು ಸೋಲಿಸಿಕೊಂಡು, ಗಂಡ ಉಣ್ಣುವುದನ್ನು ನೋಡುತ್ತಾ ನಿಂತಿರುತ್ತಿದ್ದರು. ಆ ಹೆಂಗಸಿನ ಮೇಲೆ ನನಗೆ ಅವತ್ತು ಹುಟ್ಟಿದ ಪ್ರೀತಿ, ಅವರು ಹೋಗಿ ಇಷ್ಟು ಕಾಲವಾದರೂ ತಗ್ಗಿಲ್ಲ.

ಇಗೋ, ನನ್ನ ಸೊಸೆ ಬಂದಳು. ಸಣ್ಣ ಬಟ್ಟಲಲ್ಲಿ ಕೆಂಪು, ಹಳದಿ, ಕೆಂಪು, ಕಂದು. "ಫ್ರಿಜ್ಜಲ್ಲಿ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು. ನನಗೇ ತಡೆಯಕ್ಕಾಗಲಿಲ್ಲ. ತಿಂದು ಹೇಳಿ ಅತ್ತೆ" ಎಂದಳು.

ನಿಜ ಹೇಳುತ್ತೇನೆ, ನನಗೆ ಭಯವಾಯಿತು. ಆ ಮಧ್ಯಾಹ್ನ ಡಬ್ಬಿಯ ಮೂಲೆಯಲ್ಲಿ ನನ್ನ ಪಾಲಿಗೆ ಉಳಿದಿದ್ದ ತುಂಡಿನ ರುಚಿ, ಹಬೆಯಲ್ಲಿ ಬೆಂದ ಹಾಲು, ಸ್ವಲ್ಪ ಹುಳಿ, ಸ್ವಲ್ಪ ಹೊಗೆ, ಇನ್ನೂ ನನ್ನಲ್ಲಿದೆ. ಮತ್ತೆ ಎಲ್ಲೂ ಅಂಥದ್ದನ್ನು ನಾನು ತಿಂದಿಲ್ಲ. ಅತ್ತೆಯದೆಂದು ನನ್ನ ಹತ್ತಿರ ಉಳಿದಿರುವುದು ಅಷ್ಟೇ. ಮಾವನಿಗೆ ಆದದ್ದು ನನಗೂ ಆದರೆ? ಶುಗರ್ ಇದೆ ಎನ್ನಬಹುದು. ಹಲ್ಲು ನೋವೆನ್ನಬಹುದು. ಈ ವಯಸ್ಸಿನಲ್ಲಿ ನೆಪಗಳಿಗೆ ಬರವೇ?

ಸೊಸೆ ಫ್ರಿಜ್ಜಿಗೆ ಒರಗಿ ನಿಂತಿದ್ದಳು. ಆಗಲೇ ಒರೆಸಿಕೊಂಡಿದ್ದ ಕೈಯನ್ನು ಮತ್ತೆ ಮತ್ತೆ ಬಟ್ಟೆಗೆ ಒರೆಸುತ್ತಿದ್ದಳು. ಬ್ಯಾಂಕಿನಲ್ಲಿ ಯಾರ ಮುಂದೆಯೂ ಅವಳು ಹಾಗೆ ನಿಂತಿರಲಾರಳು.

ಚಮಚ ತುಂಬಿಕೊಂಡು ಬಾಯಿಗಿಟ್ಟೆ. ಅದು ಗಂಟಲಿಗೆ ಇಳಿಯುವ ಮೊದಲೇ, "ತುಂಬಾ ಚೆನ್ನಾಗಿದೆ ಕಣೆ" ಎಂದುಬಿಟ್ಟೆ.

"ಇನ್ನೂ ನುಂಗೇ ಇಲ್ಲವಲ್ಲ ಅತ್ತೆ" ಎಂದು ನಕ್ಕಳು.

"ನುಂಗಿದ ಮೇಲೆ ಇನ್ನೊಂದ್ಸಲ ಹೇಳ್ತೀನಿ" ಎಂದೆ. ಹೇಳಿದೆ.